ಊರಲ್ಲೇ ಕಸುಬು ಹಿಡಿಯುವವರಿಗೆ ಯಾವ ತರಬೇತಿ? ರುಡ್‌ಸೆಟ್, ಐಟಿಐ, ಉಸ್ತಾದರ ಗ್ಯಾರೇಜು: ಒಂದು ಹೋಲಿಕೆ

ಪಿಯುಸಿ ಮುಗಿಸಿದ ಅಥವಾ ಅರ್ಧಕ್ಕೆ ಬಿಟ್ಟ ಹುಡುಗ ಹುಡುಗಿಯರಿಗೆ ಇಂದು ತರಬೇತಿಗೆ ಬರವಿಲ್ಲ. ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ, ಬ್ಯಾಂಕಿನ ಗಾಜಿನ ಬಾಗಿಲಿನ ಮೇಲೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಉಚಿತ ತರಬೇತಿ, ಊಟ ವಸತಿ ಉಚಿತ, ಕೊನೆಗೆ ಪ್ರಮಾಣಪತ್ರ’ ಎಂಬ ಪ್ರಕಟಣೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಆದರೆ ಇದು ಯಾರದೋ ಕೈಕೆಳಗೆ ಸಂಬಳಕ್ಕೆ ಸೇರಿಸುವ ತರಬೇತಿಯೋ, ನಮ್ಮದೇ ಅಂಗಡಿ ತೆರೆಸುವ ತರಬೇತಿಯೋ ಎಂಬುದನ್ನು ಆ ಪ್ರಕಟಣೆ ಹೇಳುವುದಿಲ್ಲ. ಎರಡೂ ಒಳ್ಳೆಯವೇ. ಒಂದಕ್ಕಾಗಿ ಕಟ್ಟಿದ ವ್ಯವಸ್ಥೆಯಿಂದ ಇನ್ನೊಂದನ್ನು ಬಯಸಿದರೆ ಮಾತ್ರ ಕಲಿಯುವವರ ಒಂದೆರಡು ವರ್ಷ ಕೈತಪ್ಪುತ್ತದೆ, ಮನೆಯವರ ನಂಬಿಕೆಯೂ ಅದರ ಹಿಂದೆಯೇ ಹೋಗುತ್ತದೆ.

ಈ ಬರಹ ಊರಲ್ಲೋ ಹೋಬಳಿ ಕೇಂದ್ರದಲ್ಲೋ ಸ್ವಂತ ಕಸುಬು ಹಿಡಿಯಬೇಕೆನ್ನುವವರಿಗೆ. ಅವರ ಮಟ್ಟಿಗೆ ತರಬೇತಿಯನ್ನು ನಾನು ಅಳೆಯುವುದು ಪ್ರಮಾಣಪತ್ರ ಕೈಗೆ ಬಂದ ಮರುದಿನದಿಂದ. ಮೊದಲ ಗಿರಾಕಿ ಬರುವವರೆಗೆ, ಮೊದಲ ಕಂತು ಕಟ್ಟುವವರೆಗೆ, ಮೊದಲ ಸಲ ಕೆಲಸ ಕೆಟ್ಟು ಗಿರಾಕಿ ಜಗಳಕ್ಕೆ ನಿಂತಾಗ ಕೇಳಲು ಯಾರಾದರೂ ಇದ್ದಾರೆಯೇ? ಬ್ಯಾಂಕಿನ ಮ್ಯಾನೇಜರ್ ಎದುರು ಕಲಿತವರ ಪರವಾಗಿ ಮಾತನಾಡುವವರು ಇದ್ದಾರೆಯೇ? ತರಗತಿಯಲ್ಲಿ ಪ್ರೊಜೆಕ್ಟರ್ ಇತ್ತೋ ಇಲ್ಲವೋ ಎಂಬುದು ಆಮೇಲಿನ ಮಾತು.

ಕಸುಬು ಮೊದಲು, ಸಂಸ್ಥೆ ಆಮೇಲೆ

ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು. ಸಂಸ್ಥೆಯಲ್ಲಿ ಮುಂದಿನ ವಾರ ಯಾವ ಬ್ಯಾಚ್ ಶುರುವೋ ಅದಕ್ಕೆ ಸೇರಿಬಿಡುತ್ತಾರೆ. ಮೊಬೈಲ್ ರಿಪೇರಿ ಬ್ಯಾಚ್ ಇದ್ದರೆ ಮೊಬೈಲ್ ರಿಪೇರಿ, ಫೋಟೊಗ್ರಫಿ ಇದ್ದರೆ ಫೋಟೊಗ್ರಫಿ. ಒಂದೇ ಹೋಬಳಿಯಿಂದ ಒಂದೇ ಬ್ಯಾಚಿಗೆ ನಾಲ್ಕು ಮಂದಿ ಹೋಗಿ ಬಂದು, ಒಂದೇ ಬಸ್ ನಿಲ್ದಾಣದ ಸುತ್ತ ನಾಲ್ಕು ಅಂಗಡಿ ತೆರೆದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ.

ಅರ್ಜಿ ತುಂಬುವ ಮೊದಲು ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆಯ ದಾರಿಯೊಳಗೆ ಏನೇನಿದೆ ಎಂದು ಲೆಕ್ಕ ಹಾಕಿ. ಕೊಳವೆಬಾವಿಗಳು ಎಷ್ಟು, ಡೇರಿಗೆ ಹಾಲು ಹಾಕುವ ಮನೆಗಳು ಎಷ್ಟು, ದ್ವಿಚಕ್ರ ವಾಹನ ದುರಸ್ತಿಗೆ ಜನ ಈಗ ಎಲ್ಲಿಗೆ ಹೋಗುತ್ತಾರೆ, ರವಿಕೆ ಹೊಲಿಸಲು ಹೆಂಗಸರು ತಾಲ್ಲೂಕು ಕೇಂದ್ರದವರೆಗೆ ಬಸ್ಸು ಹತ್ತುತ್ತಾರೆಯೇ? ಈಗಾಗಲೇ ಊರ ಹೊರಗೆ ಹೋಗುತ್ತಿರುವ ದುಡ್ಡು ಎಲ್ಲಿದೆಯೋ ಅಲ್ಲಿ ಕಸುಬಿದೆ. ಜನಕ್ಕೆ ಹೊಸ ಚಟ ಹತ್ತಿಸಿ ಗಿರಾಕಿ ಮಾಡಿಕೊಳ್ಳುವ ಯೋಚನೆ ಮೊದಲ ವರ್ಷಕ್ಕೆ ಬೇಡ.

ರುಡ್‌ಸೆಟ್ ಮತ್ತು ಅದರ ಮಾದರಿಯ ಸಂಸ್ಥೆಗಳು

ಸ್ವಂತ ಉದ್ಯೋಗಕ್ಕೆಂದೇ ಹುಟ್ಟಿದ ತರಬೇತಿ ವ್ಯವಸ್ಥೆ ನಮ್ಮ ರಾಜ್ಯದ್ದೇ ಎಂಬುದು ಹಲವರಿಗೆ ನೆನಪಿರುವುದಿಲ್ಲ. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಅಲ್ಲಿನ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದವು. ಬ್ರಹ್ಮಾವರ, ಧಾರವಾಡ, ಮೈಸೂರು ಮುಂತಾದ ಕಡೆ ಅದರ ಶಾಖೆಗಳು ಬಂದವು. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಮಾದರಿಯನ್ನೇ ಎತ್ತಿಕೊಂಡು, ಜಿಲ್ಲೆಗೊಂದರಂತೆ ಇಂಥ ಸಂಸ್ಥೆ ನಡೆಸುವಂತೆ ಬ್ಯಾಂಕುಗಳಿಗೆ ಹೇಳಿತು. ಈಗ ಆರ್‌ಸೆಟಿ ಎಂದು ಕರೆಯುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಅವೇ. ನಿಮ್ಮ ಜಿಲ್ಲೆಯದು ಯಾವ ಬ್ಯಾಂಕಿನದು ಎಂದು ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.

ತರಬೇತಿ ಹೆಚ್ಚಾಗಿ ಹತ್ತು ದಿನದಿಂದ ಒಂದೂವರೆ ತಿಂಗಳವರೆಗೆ. ಹೈನುಗಾರಿಕೆ, ಕುರಿ ಸಾಕಣೆಯಂಥವು ಚಿಕ್ಕವು. ಹೊಲಿಗೆ, ಮೋಟಾರ್ ವೈಂಡಿಂಗ್, ದ್ವಿಚಕ್ರ ವಾಹನ ದುರಸ್ತಿಯಂಥವು ಒಂದು ತಿಂಗಳ ಆಸುಪಾಸಿನವು. ಶುಲ್ಕವಿಲ್ಲ, ಊಟ ವಸತಿಗೂ ಕಾಸಿಲ್ಲ.

ಒಳಗೆ ಹೋಗಿ ನೋಡಿದರೆ ದಿನಚರಿಯೇ ಬೇರೆ. ಬೆಳಗ್ಗೆ ಬೇಗ ಏಳುವುದು, ಯೋಗ, ಶ್ರಮದಾನ. ತರಗತಿ ಶುರುವಾಗುವ ಮುನ್ನ ‘ಮಿಲಿ’ ಎಂಬುದೊಂದಿದೆ: ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಒಬ್ಬೊಬ್ಬರೇ ಎದ್ದು ನಿಂತು ಎಲ್ಲರ ಎದುರು ಹೇಳಬೇಕು. ಶಾಲೆಯಲ್ಲಿ ಹತ್ತು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು ಬಾಯಿ ಬಿಡದವರು ಮೂರನೆಯ ವಾರಕ್ಕೆ ಸಲೀಸಾಗಿ ಮಾತನಾಡುತ್ತಾರೆ. ಗಿರಾಕಿಯ ಮುಖ ನೋಡಿ ದರ ಹೇಳಲು ನಾಚುವವರಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಇದರ ಜೊತೆಗೆ ಆಟಗಳು. ನೆಲದಲ್ಲಿ ಗೂಟ ನಿಲ್ಲಿಸಿ ಅದಕ್ಕೆ ಬಳೆ ಎಸೆಯುವುದು: ಎಷ್ಟು ದೂರದಿಂದ ಎಸೆಯುತ್ತೀರಿ ಎಂದು ನೀವೇ ನಿರ್ಧರಿಸಬೇಕು, ದೂರ ಹೆಚ್ಚಾದಷ್ಟೂ ಅಂಕ ಹೆಚ್ಚು. ಹತ್ತಿರ ನಿಂತವರಿಗೆ ಬಳೆ ಬೀಳುತ್ತದೆ, ಅಂಕವಿಲ್ಲ. ಜಂಬಕ್ಕೆ ದೂರ ಹೋದವರಿಗೆ ಬಳೆಯೂ ಇಲ್ಲ, ಅಂಕವೂ ಇಲ್ಲ. ಇನ್ನೊಂದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಮರದ ತುಂಡುಗಳನ್ನು ಗೋಪುರವಾಗಿ ಜೋಡಿಸಬೇಕು. ಇದನ್ನೆಲ್ಲ ಮಕ್ಕಳಾಟ ಎಂದು ನಗುವವರು ಇದ್ದಾರೆ. ಆದರೆ ಈ ಬಗೆಯ ಪಾಠಕ್ಕೆ ಹಿನ್ನೆಲೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳು, ಉದ್ಯಮಿಗಳ ಜೊತೆ ನಡೆಸಿದ ಸಾಧನಾ ಪ್ರೇರಣೆಯ ತರಬೇತಿಯ ಬಳಿಕ ಭಾರತದ ಉದ್ಯಮಶೀಲತೆಯ ತರಗತಿಗಳಿಗೆ ಇದು ರೂಢಿಯಾಯಿತು.

ಹೀಗೆ ಮನಸ್ಸನ್ನು ಹದ ಮಾಡುವುದರಲ್ಲಿ ಈ ಸಂಸ್ಥೆಗಳನ್ನು ಮೀರಿಸುವವರಿಲ್ಲ. ಕೈಯನ್ನು ಹದ ಮಾಡುವುದರಲ್ಲಿ ಮಾತ್ರ ಅವುಗಳಿಗೆ ಸಮಯ ಸಾಲದು. ಒಂದು ತಿಂಗಳಲ್ಲಿ ಮೂವತ್ತು ಮಂದಿಯ ನಡುವೆ ಒಬ್ಬನ ಕೈಗೆ ಉಪಕರಣ ಸಿಗುವುದು ಎಷ್ಟು ಹೊತ್ತು ಎಂದು ನೀವೇ ಭಾಗಿಸಿ ನೋಡಿ. ಕಸುಬಿನ ಅ ಆ ಇ ಈ ಬರುತ್ತದೆ. ಒತ್ತಕ್ಷರಕ್ಕೆ ಬೇರೆ ಗುರು ಬೇಕು.

ಇವುಗಳ ದೊಡ್ಡ ಬಲ ತರಬೇತಿಯ ಆಚೆಗಿದೆ. ನಿಯಮದ ಪ್ರಕಾರ ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನುಹತ್ತಿ ವಿಚಾರಿಸಬೇಕು, ಸಾಲದ ಅರ್ಜಿಯನ್ನು ಬ್ಯಾಂಕ್ ಶಾಖೆಗೆ ಕಳುಹಿಸಬೇಕು. ನಡೆಸುವುದು ಬ್ಯಾಂಕೇ ಆದ್ದರಿಂದ ನಿರ್ದೇಶಕರೂ ಬಹುತೇಕ ಬ್ಯಾಂಕಿನಿಂದ ಬಂದವರೇ. ಸಾಲ ಕೊಡುವ ಅಧಿಕಾರ ಸಂಸ್ಥೆಗೆ ಇಲ್ಲ. ಶಾಖೆಯ ಮ್ಯಾನೇಜರ್ ಒಪ್ಪಬೇಕು. ಆದರೂ ಒಬ್ಬ ಬ್ಯಾಂಕಿನವರು ಇನ್ನೊಬ್ಬ ಬ್ಯಾಂಕಿನವರಿಗೆ ಫೋನ್ ಮಾಡುವುದಕ್ಕೂ ನೀವು ಒಬ್ಬರೇ ಕೌಂಟರಿನ ಮುಂದೆ ನಿಲ್ಲುವುದಕ್ಕೂ ಅಜಗಜಾಂತರ.

ಇಲ್ಲಿ ಒಂದು ಎಚ್ಚರಿಕೆ. ‘ನಮ್ಮಲ್ಲಿ ಕಲಿತವರಲ್ಲಿ ಇಷ್ಟು ಮಂದಿ ಸೆಟಲ್ ಆಗಿದ್ದಾರೆ’ ಎಂದು ಸಂಸ್ಥೆ ಹೇಳಿದರೆ, ಆ ಲೆಕ್ಕವನ್ನು ಬಿಡಿಸಿ ಕೇಳಿ. ಬ್ಯಾಂಕ್ ಸಾಲದಿಂದ ಅಂಗಡಿ ಮಾಡಿದವರು, ಕೈಯ ದುಡ್ಡಿನಿಂದ ಮಾಡಿದವರು, ಯಾರದೋ ಬಳಿ ಸಂಬಳಕ್ಕೆ ಸೇರಿದವರು, ಮೂವರೂ ಆ ಒಂದೇ ಪದದೊಳಗೆ ಬರುತ್ತಾರೆ. ನಿಮಗೆ ಬೇಕಾದದ್ದು ನೀವು ಕಲಿಯಬೇಕೆಂದಿರುವ ಕಸುಬಿನಲ್ಲಿ, ನಿಮ್ಮ ತಾಲ್ಲೂಕಿನಲ್ಲಿ, ಎರಡು ವರ್ಷ ದಾಟಿದ ಮೇಲೂ ನಡೆಯುತ್ತಿರುವ ಅಂಗಡಿಗಳ ಲೆಕ್ಕ. ಕೊಟ್ಟರೆ ಆ ಸಂಸ್ಥೆಗೆ ಕಣ್ಣುಮುಚ್ಚಿ ಸೇರಬಹುದು.

ಐಟಿಐ: ಎರಡು ವರ್ಷಕ್ಕೆ ತಕ್ಕ ಬೆಲೆ ಎಲ್ಲಿದೆ

ಎಲೆಕ್ಟ್ರಿಷಿಯನ್, ಫಿಟ್ಟರ್‌ನಂಥ ವೃತ್ತಿಗಳಿಗೆ ಐಟಿಐಯಲ್ಲಿ ಎರಡು ವರ್ಷ, ಹೊಲಿಗೆಯಂಥ ಕೆಲವಕ್ಕೆ ಒಂದು ವರ್ಷ. ಐಟಿಐ ಕಟ್ಟಿದ್ದು ಕಾರ್ಖಾನೆಗಾಗಿ, ಅದನ್ನು ಅದು ಮುಚ್ಚಿಡುವುದೂ ಇಲ್ಲ. ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದರು; ಸಿಎನ್‌ಸಿ ಯಂತ್ರ, ರೋಬೊ, ವಿದ್ಯುತ್ ವಾಹನದ ಪ್ರಯೋಗಾಲಯ ಬಂದವು. ನರಸಾಪುರದ್ದೋ ಬಿಡದಿಯದ್ದೋ ಕಾರ್ಖಾನೆಗೆ ಹೋಗುವವರಿಗೆ ಇದು ವರ. ಹಿರೇಕೆರೂರಿನ ಹಳ್ಳಿಯಲ್ಲಿ ಶೆಡ್ ಹಾಕುವವರಿಗೆ ರೋಬೊ ತೋಳಿನಿಂದ ಏನಾಗಬೇಕು?

ಹಾಗೆಂದು ಐಟಿಐಯನ್ನು ಪಕ್ಕಕ್ಕೆ ಸರಿಸಬೇಡಿ. ಕಾನೂನು ಕಾಗದ ಕೇಳುವ ಕಸುಬುಗಳಲ್ಲಿ ಚಿಕ್ಕ ತರಬೇತಿಯ ಪ್ರಮಾಣಪತ್ರ ನಡೆಯುವುದಿಲ್ಲ. ಮನೆಗೆ ಹೊಸ ವಿದ್ಯುತ್ ಸಂಪರ್ಕ ಪಡೆಯಲು ಹೆಸ್ಕಾಂ, ಬೆಸ್ಕಾಂಗಳು ಪರವಾನಗಿ ಇರುವ ಗುತ್ತಿಗೆದಾರರ ಸಹಿ ಕೇಳುತ್ತವೆ. ಆ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಅಲ್ಲಿಗೆ ಹೋಗುವವರಿಗೆ ಐಟಿಐ ಎಲೆಕ್ಟ್ರಿಷಿಯನ್ ಅಂಕಪಟ್ಟಿ ದಾರಿ ತೆರೆಯುತ್ತದೆ. ವೈರಿಂಗ್ ಕೆಲಸವನ್ನು ಚೆನ್ನಾಗಿ ಬಲ್ಲವರೂ ಪರವಾನಗಿ ಇಲ್ಲದ ಕಾರಣ ಇನ್ನೊಬ್ಬರ ಸಹಿಗೆ ಪ್ರತಿ ಮನೆಗೂ ದುಡ್ಡು ಕೊಡುತ್ತಾ ಕೂರುವುದು ನಮ್ಮಲ್ಲಿ ಅಪರೂಪವೇನಲ್ಲ. ರಸಗೊಬ್ಬರ, ಕೀಟನಾಶಕದ ಅಂಗಡಿಯ ಮಾತೂ ಹೀಗೆಯೇ: ಕೃಷಿ ಪದವಿ ಇಲ್ಲದ ವ್ಯಾಪಾರಿಗಳಿಗೆಂದು ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿದ ಒಂದು ವರ್ಷದ ‘ದೇಸಿ’ ಡಿಪ್ಲೊಮಾ ಇದೆ, ಅದನ್ನು ತಪ್ಪಿಸಿ ಅಡ್ಡದಾರಿ ಹುಡುಕಬೇಡಿ.

ಆದ್ದರಿಂದ ನನ್ನ ಲೆಕ್ಕ ಸರಳ. ಹಿಡಿಯಬೇಕೆಂದಿರುವ ಕಸುಬಿಗೆ ಪರವಾನಗಿ ಬೇಕೇ? ಬೇಕು ಎಂದಾದರೆ, ವಯಸ್ಸು ಹದಿನೆಂಟರ ಸುತ್ತ ಇದ್ದರೆ, ಮನೆಯವರು ಎರಡು ವರ್ಷ ತಡೆಯಬಲ್ಲರಾದರೆ ಐಟಿಐಗೆ ಹೋಗಿ. ಇಪ್ಪತ್ತಾರು ದಾಟಿ, ಮನೆಯ ಜವಾಬ್ದಾರಿ ಹೆಗಲಿಗೆ ಬಂದವರಿಗೆ ಇದು ಉದ್ದದ ದಾರಿ.

ಉಸ್ತಾದರ ಕೈಕೆಳಗೆ

ಯಾವ ಪ್ರಕಟಣೆಯಲ್ಲೂ ಕಾಣದ, ಆದರೆ ಹಳ್ಳಿಯ ಬಹಳಷ್ಟು ಕುಶಲಕರ್ಮಿಗಳು ಬಂದಿರುವ ದಾರಿ ಇದು. ತಾಲ್ಲೂಕು ಕೇಂದ್ರದ ಗ್ಯಾರೇಜಿಗೆ ಸೇರಿ, ಮೊದಲು ಸ್ಪ್ಯಾನರ್ ಎತ್ತಿಕೊಟ್ಟು, ಚಹಾ ತಂದು, ಆಮೇಲೆ ಚೈನು ಬಿಚ್ಚಿ, ವರ್ಷ ಕಳೆಯುವ ಹೊತ್ತಿಗೆ ಎಂಜಿನ್ ಇಳಿಸುವುದು. ಕೈಗೆ ಹದ ಬರುವುದು ಇಲ್ಲೇ. ಶಬ್ದ ಕೇಳಿಯೇ ದೋಷ ಹೇಳುವ ವಿದ್ಯೆಯನ್ನು ಯಾವ ತರಗತಿಯೂ ಕೊಡಲಾರದು. ಇನ್ನೊಂದು ಗುಟ್ಟೂ ಇಲ್ಲೇ ಸಿಗುತ್ತದೆ: ಬಿಡಿಭಾಗ ಯಾವ ಅಂಗಡಿಯಲ್ಲಿ ಉದ್ರಿ ಸಿಗುತ್ತದೆ, ಯಾವ ಗಿರಾಕಿಗೆ ಉದ್ರಿ ಕೊಡಬಾರದು.

ಇದರ ಕೊರತೆಗಳೂ ಸಣ್ಣವಲ್ಲ. ಲೆಕ್ಕಪತ್ರ ಕಲಿಸುವುದಿಲ್ಲ, ಕಾಗದ ಕೊಡುವುದಿಲ್ಲ, ಬ್ಯಾಂಕಿಗೆ ತೋರಿಸಲು ಏನೂ ಇರುವುದಿಲ್ಲ. ಕೆಲವು ಉಸ್ತಾದರು ಕಸುಬಿನ ಕೊನೆಯ ಪಾಠವನ್ನು ಬೇಕೆಂದೇ ಹಿಡಿದಿಟ್ಟುಕೊಳ್ಳುತ್ತಾರೆ. ನಾಳೆ ಎದುರಿಗೇ ಅಂಗಡಿ ಹಾಕುವ ಹುಡುಗನಿಗೆ ಎಲ್ಲವನ್ನೂ ಯಾಕೆ ಕಲಿಸಲಿ ಎಂಬ ಯೋಚನೆ ಅವರ ಕಡೆಯಿಂದ ತಪ್ಪೇನೂ ಅಲ್ಲ. ಆದ್ದರಿಂದ ನಿಮ್ಮ ಊರಿನಿಂದ ದೂರದ, ಮುಂದೆ ಗಿರಾಕಿಗೆ ಪೈಪೋಟಿ ಬೀಳದ ಕಡೆ ಸೇರಿ. ಎಷ್ಟು ತಿಂಗಳು, ಏನೇನು ಕಲಿಸಬೇಕು, ದಿನದ ಖರ್ಚಿಗೆ ಎಷ್ಟು ಎಂಬುದನ್ನು ಹಿರಿಯರೊಬ್ಬರ ಎದುರು ಮಾತಾಡಿ ಮುಗಿಸಿ. ಹೀಗೆ ಕಲಿತವರ ಕೈಗೆ ಕಾಗದ ಕೊಡಿಸಲು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ‘ಪೂರ್ವ ಕಲಿಕೆಗೆ ಮಾನ್ಯತೆ’ ಎಂಬ ವಿಭಾಗ ಇದೆ: ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ.

ಒಂದೇ ಕಸುಬು, ಮೂರು ದಾರಿ

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಕಸುಬನ್ನು ಹತ್ತಿರದಿಂದ ನೋಡೋಣ: ಪಂಪ್‌ಸೆಟ್ ಮೋಟಾರ್ ವೈಂಡಿಂಗ್. ಬಯಲುಸೀಮೆಯ ಯಾವ ಹೋಬಳಿಗೂ ಇದು ಬೇಕು. ಬೇಸಿಗೆಯಲ್ಲಿ ವೋಲ್ಟೇಜ್ ಬೀಳುತ್ತದೆ, ಮೂರು ಫೇಸಿನಲ್ಲಿ ಒಂದು ಕೈಕೊಡುತ್ತದೆ, ಕೊಳವೆಬಾವಿಯಲ್ಲಿ ನೀರು ಇಳಿದು ಮೋಟಾರ್ ಒಣ ಓಡುತ್ತದೆ. ಮೂರರಲ್ಲಿ ಯಾವುದಾದರೂ ಕಾಯಿಲ್ ಸುಡಲು ಸಾಕು. ತೋಟ ಒಣಗುವ ಭಯದಲ್ಲಿರುವ ರೈತ ದರಕ್ಕೆ ಚೌಕಾಸಿ ಮಾಡುವುದಕ್ಕಿಂತ ‘ನಾಳೆ ಬೆಳಗ್ಗೆ ಕೊಡುತ್ತೀಯಾ’ ಎಂದು ಕೇಳುತ್ತಾನೆ.

ಸುಟ್ಟ ಮೋಟಾರ್ ಬಂದಾಗ ಮೊದಲ ಕೆಲಸ ಹಳೆಯ ತಂತಿ ಕತ್ತರಿಸುವುದಲ್ಲ, ಎಣಿಸುವುದು. ಕಾಯಿಲ್ ಕೂರುವ ಸ್ಲಾಟ್ ಎಷ್ಟು, ಒಂದು ಕಾಯಿಲಿನಲ್ಲಿ ಎಷ್ಟು ಸುತ್ತು, ತಂತಿಯ ಗೇಜ್ ಅಂದರೆ ದಪ್ಪ ಎಷ್ಟು, ಎಷ್ಟು ಸ್ಲಾಟ್ ಬಿಟ್ಟು ಕಾಯಿಲ್ ಕೂತಿದೆ, ತುದಿಗಳನ್ನು ಹೇಗೆ ಜೋಡಿಸಿದ್ದಾರೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆತುರಕ್ಕೆ ಮೊದಲೇ ಕತ್ತರಿಸಿದವನಿಗೆ ಮುಂದೆ ಊಹೆಯೇ ಗತಿ. ಬಾವಿಯ ಮೇಲಿನ ಮೊನೊಬ್ಲಾಕ್ ಮೋಟಾರಿನದು ಎನಾಮಲ್ ತಂತಿ. ಕಾಯಿಲ್ ಹೊರಗೆ ಸುತ್ತಿ, ಕಾಗದ ಹಾಸಿದ ಸ್ಲಾಟಿಗೆ ಇಳಿಸಿ, ವಾರ್ನಿಶ್ ಹಾಕಿ ಒಣಗಿಸಬೇಕು. ಕೊಳವೆಬಾವಿಯೊಳಗಿನ ಸಬ್‌ಮರ್ಸಿಬಲ್‌ನ ತಂತಿ ಬೇರೆ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದನ್ನು ಸ್ಲಾಟಿನ ಒಂದು ತುದಿಯಿಂದ ತೂರಿಸಿ ಇನ್ನೊಂದು ತುದಿಯಿಂದ ಎಳೆಯುತ್ತಾ ಸುತ್ತು ತುಂಬಬೇಕು. ಹೊದಿಕೆಗೆ ಒಂದೇ ಒಂದು ಗೀರು ಬಿದ್ದರೂ ನೀರಿಗಿಳಿಸಿದ ದಿನವೇ ಮೋಟಾರ್ ಮತ್ತೆ ಮೇಲೆ ಬರುತ್ತದೆ. ಕೇಸಿಂಗಿನಿಂದ ಪೈಪು ಎತ್ತಿಸಿದ ಕೂಲಿಯೂ ನಿಮ್ಮ ತಲೆಗೇ. ಹಳೆಯ ತಾಮ್ರ ಯಾರಿಗೆ ಸೇರಬೇಕು ಎಂಬುದನ್ನು ಗಿರಾಕಿಯ ಜೊತೆ ಮೊದಲೇ ಮಾತಾಡಿಕೊಳ್ಳಿ. ತಾಮ್ರದ ಬೆಲೆ ಗೊತ್ತಿಲ್ಲದ ರೈತ ಈಗ ಇಲ್ಲ.

ಈ ಕೆಲಸಕ್ಕೆ ಮೂರು ದಾರಿಗಳನ್ನು ತೂಗಿದರೆ: ಐಟಿಐ ಎಲೆಕ್ಟ್ರಿಷಿಯನ್‌ಗೆ ಮೋಟಾರಿನ ಶಾಸ್ತ್ರ ಪಕ್ಕಾ ಬರುತ್ತದೆ, ಆದರೆ ವೈಂಡಿಂಗ್ ಅವರ ಪಠ್ಯದ ಒಂದು ತುಣುಕು ಮಾತ್ರ. ಆರ್‌ಸೆಟಿಯ ಒಂದು ತಿಂಗಳಲ್ಲಿ ವೈಂಡಿಂಗ್ ಒಂದನ್ನೇ ಹಿಡಿದು ಕಲಿಯುತ್ತಾರೆ, ನಿರೋಧನ ಪರೀಕ್ಷಿಸುವ ಮೆಗ್ಗರ್, ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿಯಲು ಬರುತ್ತದೆ, ಬ್ಯಾಂಕಿನ ಬಾಗಿಲೂ ತೆರೆಯುತ್ತದೆ. ಸಬ್‌ಮರ್ಸಿಬಲ್ ಕೈಗೆ ಕೂರುವಷ್ಟು ಮೋಟಾರುಗಳು ಅಲ್ಲಿ ಸಿಗುವುದು ಕಷ್ಟ. ಉಸ್ತಾದರ ಅಂಗಡಿಯಲ್ಲಿ ಒಂದು ಬೇಸಿಗೆ ಕಳೆದರೆ ಮೋಟಾರುಗಳ ರಾಶಿಯೇ ಕೈಯಲ್ಲಿ ಹಾದುಹೋಗುತ್ತದೆ, ಆದರೆ ಈ ಗೇಜಿನ ತಂತಿ ಯಾಕೆ ಎಂದು ಕೇಳಿದರೆ ‘ಹಳೆಯದು ಅದೇ ಇತ್ತು’ ಎಂಬ ಉತ್ತರ. ನನ್ನ ಆಯ್ಕೆ ಕೇಳಿದರೆ: ಮೊದಲು ಒಂದು ತಿಂಗಳ ತರಬೇತಿ, ಕೂಡಲೇ ಅಂಗಡಿ ತೆರೆಯದೆ ಒಂದು ಪೂರ್ತಿ ಬೇಸಿಗೆ ಇನ್ನೊಬ್ಬರ ಅಂಗಡಿಯಲ್ಲಿ ದುಡಿಮೆ, ಆಮೇಲೆ ಸಾಲದ ಅರ್ಜಿ. ಬೆನ್ನುಹತ್ತಿ ವಿಚಾರಿಸುವ ಎರಡು ವರ್ಷದ ಅವಧಿಯೊಳಗೆ ಇದು ಸಲೀಸಾಗಿ ಹಿಡಿಸುತ್ತದೆ. ದ್ವಿಚಕ್ರ ವಾಹನ, ಫ್ರಿಜ್ ದುರಸ್ತಿ, ವೆಲ್ಡಿಂಗ್‌ಗೂ ಇದೇ ಮಾತು.

ಹೊಲಿಗೆ: ಹೆಣ್ಣುಮಕ್ಕಳ ಲೆಕ್ಕ ಬೇರೆ

ಹೊಲಿಗೆ ತರಬೇತಿ ಎಂದರೆ ಮೂಗು ಮುರಿಯುವವರೇ ಹೆಚ್ಚು. ಎಲ್ಲರೂ ಕಲಿಯುತ್ತಾರೆ, ಯಂತ್ರ ಮೂಲೆ ಸೇರುತ್ತದೆ ಎಂಬ ದೂರು. ಯಂತ್ರ ಮೂಲೆ ಸೇರುವುದಕ್ಕೆ ಕಾರಣ ಬಹುಪಾಲು ಕಂಕುಳ ಬಳಿ ಇರುತ್ತದೆ. ರವಿಕೆಯ ತೋಳು ಕೂಡುವ ಕಡೆ ಸುಕ್ಕು ಬಿದ್ದರೆ, ಎತ್ತಿದ ಕೈ ಹಿಡಿದುಕೊಂಡರೆ, ಆ ಹೆಂಗಸು ಮತ್ತೆ ನಿಮ್ಮ ಮನೆಗೆ ಬರುವುದಿಲ್ಲ, ಓಣಿಯವರನ್ನೂ ಬರಲು ಬಿಡುವುದಿಲ್ಲ. ಲಂಗ, ನೈಟಿ, ಚೀಲ ಹೊಲಿಯಲು ಬಂದರೆ ಚಿಲ್ಲರೆ ಕಾಸು. ಲೈನಿಂಗ್ ರವಿಕೆ, ಪ್ರಿನ್ಸೆಸ್ ಕಟ್ ಕೂರಿಸಲು ಬಂದರೆ ಸಂಸಾರ ನಡೆಯುವಷ್ಟು. ಜೊತೆಗೆ ಸೀರೆಗೆ ಕುಚ್ಚು, ಫಾಲ್, ಆರಿ ಕಸೂತಿ ಬಂದರಂತೂ ಮದುವೆ ಮನೆಯವರು ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ಹೊಲಿಗೆ ತರಬೇತಿಯನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ದಿನ’ ಎಂದಲ್ಲ. ಕಲಿಯುವವರು ನಿಜವಾದ ಅಳತೆ ತೆಗೆದು, ನಿಜವಾದ ಬಟ್ಟೆ ಕತ್ತರಿಸಿ, ತೊಟ್ಟವರ ಮೇಲೆ ಕೂರಿಸಿ ನೋಡುವ ರವಿಕೆಗಳು ಎಷ್ಟು? ಪೇಪರ್ ಕಟಿಂಗಿನಲ್ಲೇ ಮುಗಿಯುವ ತರಬೇತಿಗೆ ಹೋಗುವುದು ದಂಡ.

ಒಂದು ತಿಂಗಳು ಮನೆ ಬಿಟ್ಟು ವಸತಿಯಲ್ಲಿರಲು ಎಲ್ಲ ಹೆಣ್ಣುಮಕ್ಕಳಿಗೂ ಆಗುವುದಿಲ್ಲ. ಕೈಗೂಸು, ಅತ್ತೆಯ ಒಪ್ಪಿಗೆ, ಹಾಲು ಕರೆಯುವ ಹಸು, ಎಲ್ಲವೂ ಅಡ್ಡ. ಅಂಥವರು ಜನ ಶಿಕ್ಷಣ ಸಂಸ್ಥಾನವನ್ನು ವಿಚಾರಿಸಬೇಕು. 1967ರಲ್ಲಿ ಮುಂಬೈಯ ವರ್ಲಿಯಲ್ಲಿ ಶ್ರಮಿಕ ವಿದ್ಯಾಪೀಠವಾಗಿ ಶುರುವಾದ ಈ ವ್ಯವಸ್ಥೆ ಅಕ್ಷರ ಬಾರದವರನ್ನೂ ಶಾಲೆ ಬಿಟ್ಟವರನ್ನೂ ಸೇರಿಸಿಕೊಳ್ಳುತ್ತದೆ, ಹಳ್ಳಿಯಲ್ಲೇ ಕೇಂದ್ರ ತೆರೆದು ಹಗಲು ಕೆಲವು ಗಂಟೆ ಕಲಿಸುತ್ತದೆ. ಬ್ಯಾಂಕಿನ ನಂಟು ಆರ್‌ಸೆಟಿಯಷ್ಟು ಗಟ್ಟಿಯಿಲ್ಲ. ಮಹಿಳಾ ಸ್ವಸಹಾಯ ಸಂಘದಲ್ಲಿ ಇರುವವರಿಗೆ ಆ ಕೊರತೆ ಅಷ್ಟಾಗಿ ಕಾಡದು. ಒಂದು ಹೊಲಿಗೆ ಯಂತ್ರದ ದುಡ್ಡು ಸಂಘದಲ್ಲೇ ಹುಟ್ಟುತ್ತದೆ.

ಈಗಾಗಲೇ ಹೊಲಿಗೆ ಮಾಡುತ್ತಿರುವವರಿಗೆ ಇನ್ನೊಂದು ಬಾಗಿಲು ಪಿಎಂ ವಿಶ್ವಕರ್ಮ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆ ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕ, ಗಾರೆ ಕೆಲಸದವರೂ ಸೇರಿ 18 ಕಸುಬುಗಳಿಗೆ ಮೀಸಲು. ಒಂದು ವಾರದೊಳಗಿನ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯ ವೋಚರ್, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ. ಹೊಸಬರಿಗೆ ಕಸುಬು ಕಲಿಸುವ ಯೋಜನೆ ಇದಲ್ಲ. ವಾರದಲ್ಲಿ ದರ್ಜಿಯಾಗುತ್ತೇನೆ ಎಂದು ಹೋದವರಿಗೆ ಯಂತ್ರ ಸಿಗಬಹುದು, ಕಸುಬು ಸಿಗುವುದಿಲ್ಲ.

ಕೃಷಿಯ ಸುತ್ತಮುತ್ತ, ಮತ್ತು ಉಳಿದವು

ಹಸು, ಕುರಿ, ಜೇನು, ಅಣಬೆ ಎಂದರೆ ಕೃಷಿ ವಿಜ್ಞಾನ ಕೇಂದ್ರಗಳೇ ಮೇಲು. ತರಬೇತಿ ಒಂದೆರಡು ದಿನದಿಂದ ವಾರದವರೆಗೆ. ಆಮೇಲೆಯೂ ವಿಜ್ಞಾನಿಗಳು ಫೋನಿಗೆ ಸಿಗುತ್ತಾರೆ, ಅದೇ ಇಲ್ಲಿನ ಬಲ. ಅಣಬೆಗೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಬೇತಿಯನ್ನೂ ಬೀಜವನ್ನೂ ಕೊಡುತ್ತದೆ. ಆದರೆ ಕೊಯ್ದ ಚಿಪ್ಪಣಬೆ ತಂಪಿಲ್ಲದೆ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಕೊಳ್ಳುವ ಹೋಟೆಲೋ ಅಂಗಡಿಯೋ ಗೊತ್ತಾಗುವ ಮುನ್ನ ಶೆಡ್ಡಿಗೆ ದುಡ್ಡು ಹಾಕಬೇಡಿ. ಹಾಲಿಗೆ ಈ ತಲೆನೋವಿಲ್ಲ, ಡೇರಿ ಊರಲ್ಲೇ ಇದೆ. ರೊಟ್ಟಿ, ಚಟ್ನಿಪುಡಿ, ಹಪ್ಪಳ, ಬೆಲ್ಲದಂಥ ಆಹಾರ ಪದಾರ್ಥ ಮಾಡುವವರು ತರಬೇತಿಯ ಜೊತೆಗೇ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದಿರುವ ಪಿಎಂಎಫ್‌ಎಂಇ ಯೋಜನೆಯ ಸಹಾಯಧನ ವಿಚಾರಿಸಿ. ಯೋಜನೆಯ ಶೇ 35ಕ್ಕೆ ಕರ್ನಾಟಕ ಇನ್ನೂ ಶೇ 15 ಸೇರಿಸಿ ಕೊಡುತ್ತಿದೆ.

2014ರಲ್ಲಿ ಬಂದ ದೀನದಯಾಳ್ ಗ್ರಾಮೀಣ ಕೌಶಲ್ಯ ಯೋಜನೆಯಂಥವು ಸಂಬಳದ ಕೆಲಸಕ್ಕೆ ಸೇರಿಸಲೆಂದೇ ಇರುವವು. ಬಂಡವಾಳ ಕೂಡಿಸಲು ಒಂದೆರಡು ವರ್ಷ ಊರು ಬಿಡಲು ಸಿದ್ಧರಿದ್ದರೆ ಹೋಗಿ, ಇಲ್ಲದಿದ್ದರೆ ಸೀಟು ಬೇಕಾದವರಿಗೆ ಬಿಡಿ. ಶುಲ್ಕ ಕಟ್ಟಿಸಿಕೊಳ್ಳುವ ಖಾಸಗಿ ತರಬೇತಿಗೆ ನನ್ನದು ಒಂದೇ ಪ್ರಶ್ನೆ: ಕೆಲಸ ಕಲಿಸುವವರಿಗೆ ಅದೇ ಕೆಲಸದ ಅಂಗಡಿ ಇದೆಯೇ? ಬ್ಯೂಟಿ ಪಾರ್ಲರ್ ನಡೆಸುವವರು ಕಲಿಸುವ ಪಾರ್ಲರ್ ತರಬೇತಿಗೂ ಬರೀ ಬೋರ್ಡು ಹಾಕಿಕೊಂಡವರು ಕಲಿಸುವುದಕ್ಕೂ ಹೋಲಿಕೆಯೇ ಇಲ್ಲ.

ಸಾಲ ಮತ್ತು ಸಹಾಯಧನ: ಸರದಿ ತಪ್ಪಿದರೆ ಕೆಟ್ಟಿತು

ತರಬೇತಿ ಚೆನ್ನಾಗಿ ಆಗಿಯೂ ಹಲವರು ಎಡವುವುದು ಇಲ್ಲಿ. ಹೊಸ ಕಿರು ಉದ್ಯಮಗಳಿಗೆಂದಿರುವ ಕೇಂದ್ರದ ಪಿಎಂಇಜಿಪಿ ಯೋಜನೆಯ ಸಹಾಯಧನ ಗ್ರಾಮೀಣ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮೊದಲಾದವರಿಗೆ ಶೇ 35. ನೋಡಲು ಆಸೆ ಹುಟ್ಟಿಸುವ ಮೊತ್ತ. ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಸಾಲ ಮಂಜೂರಾಗುವ ಮುನ್ನವೇ ಅವಸರದಲ್ಲಿ ಅಂಗಡಿ ತೆರೆದರೆ ನೀವು ಹಳೆಯ ಘಟಕ, ಅರ್ಜಿ ತಿರಸ್ಕೃತ. ಇನ್ನೊಂದು, ಆ ಸಹಾಯಧನ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದೆ ಎಂದು ಪರಿಶೀಲಿಸಿದ ಮೇಲೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ‘ಸಬ್ಸಿಡಿ ಬಂದ ಮೇಲೆ ಶೆಡ್ ಕಟ್ಟುತ್ತೇನೆ’ ಎಂಬ ಲೆಕ್ಕ ಹಾಕಿದವರ ಶೆಡ್ ಮೇಲೇಳುವುದಿಲ್ಲ. ಆರ್‌ಸೆಟಿಯ ಉದ್ಯಮಶೀಲತೆ ತರಬೇತಿ ಈ ಯೋಜನೆಗೆ ನಡೆಯುತ್ತದೆ, ಇನ್ನೊಮ್ಮೆ ಮಾಡಬೇಕಿಲ್ಲ.

ಸಣ್ಣದಾಗಿ ಶುರು ಮಾಡುವವರಿಗೆ ಮುದ್ರಾದ ಶಿಶು ಸಾಲ, 50,000 ರೂಪಾಯಿವರೆಗೆ, ಆಸ್ತಿಯ ಅಡಮಾನ ಬೇಡ. ಇಲ್ಲೂ ಒಂದು ಕೊಕ್ಕೆ ಇದೆ: ಮುದ್ರಾ ಸಾಲ ಬಾಕಿ ಇಟ್ಟುಕೊಂಡು ವಿಶ್ವಕರ್ಮಕ್ಕೆ ಅರ್ಜಿ ಹಾಕುವಂತಿಲ್ಲ, ಪೂರ್ತಿ ತೀರಿಸಿರಬೇಕು. ದರ್ಜಿ, ಬಡಗಿ, ಕಮ್ಮಾರ ಕಸುಬಿನವರು ಶೇ 5ರ ಸಾಲವನ್ನು ಮೊದಲು ನೋಡಿ, ಮುದ್ರಾವನ್ನು ಆಮೇಲೆ ನೋಡುವುದು ಜಾಣತನ. ತರಬೇತಿಗೆ ಹೋಗುವ ಮುನ್ನವೇ ಹಳೆಯ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂದು ಬ್ಯಾಂಕಿಗೆ ತಿಳಿಸುವ ನಿಮ್ಮ ಸಿಬಿಲ್ ಅಂಕ ತೆಗೆಸಿ ನೋಡಿ. ಎಂದೋ ಕಂತಿನಲ್ಲಿ ತೆಗೆದ ಮೊಬೈಲಿನ ಎರಡು ಬಾಕಿ, ಗೆಳೆಯನಿಗೆ ಹಾಕಿದ ಜಾಮೀನು, ಯಾವ ತರಬೇತಿಯೂ ಅಳಿಸಲಾಗದ ಕಲೆಗಳು ಇವು.

ಯಾವ ತಿಂಗಳ ಬ್ಯಾಚ್

ಕಸುಬೂ ಸಂಸ್ಥೆಯೂ ಗೊತ್ತಾದ ಮೇಲೆ ಉಳಿಯುವುದು ತಿಂಗಳು, ಇದನ್ನು ಯಾರೂ ಯೋಚಿಸುವುದಿಲ್ಲ. ಮೋಟಾರ್ ವೈಂಡಿಂಗ್ ಕಲಿಯುವವರಿಗೆ ನವೆಂಬರ್, ಡಿಸೆಂಬರ್ ಬ್ಯಾಚು ಸರಿ; ಫೆಬ್ರುವರಿಯಿಂದ ಮೋಟಾರುಗಳು ಸುಡಲು ಶುರುವಾಗುತ್ತವೆ, ಕಲಿತ ಕೈ ಒಣಗುವ ಮುನ್ನ ಕೆಲಸ ಸಿಗುತ್ತದೆ. ಮೇ ತಿಂಗಳಲ್ಲಿ ಕಲಿತು ಜೂನಿನಲ್ಲಿ ಹೊರಬಿದ್ದರೆ ಮಳೆ ಬಂದು ಎಂಟು ತಿಂಗಳು ಕೈಕಟ್ಟಿ ಕೂರಬೇಕು, ಅಷ್ಟರಲ್ಲಿ ಅರ್ಧ ಮರೆತಿರುತ್ತದೆ. ಹೊಲಿಗೆಯವರು ಏಪ್ರಿಲ್, ಮೇ ಮದುವೆಗಳಿಗೆ ಮೂರು ತಿಂಗಳು ಮೊದಲೇ ಮುಗಿಸಿರಲಿ. ಅದು ತಪ್ಪಿದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕೈ ಕೂರುವಂತೆ ನೋಡಿಕೊಳ್ಳಿ. ಹಸು ಸಾಕುವವರು ಮೊದಲು ಮೇವು ಬಿತ್ತಿ, ಅದು ಕೊಯ್ಲಿಗೆ ಬರುವ ಹೊತ್ತಿಗೆ ಸಾಲ ಕೈಸೇರುವಂತೆ ಹಿಂದಿನಿಂದ ದಿನ ಎಣಿಸಿ ಬ್ಯಾಚ್ ಆರಿಸಿಕೊಳ್ಳಬೇಕು. ವರ್ಷದ ವೇಳಾಪಟ್ಟಿ ಪ್ರತಿ ಆರ್‌ಸೆಟಿಯಲ್ಲೂ ಇರುತ್ತದೆ. ಫೋನಿನಲ್ಲಿ ಕೇಳಿದರೆ ಮುಂದಿನ ಬ್ಯಾಚಿನ ದಿನಾಂಕ ಒಂದನ್ನೇ ಹೇಳುತ್ತಾರೆ. ನೇರವಾಗಿ ಹೋಗಿ ಇಡೀ ವರ್ಷದ್ದನ್ನು ನೋಡಿ ಬರೆದುಕೊಂಡು ಬನ್ನಿ. ಹಾಗೆಯೇ ಹಳೆಯ ಬ್ಯಾಚಿನ ಮೂವರ ಅಂಗಡಿ ಎಲ್ಲಿದೆ ಎಂದು ಕೇಳಿಕೊಂಡು, ವಾಪಸಾಗುವ ದಾರಿಯಲ್ಲೇ ಅವುಗಳ ಬಾಗಿಲು ತೆರೆದಿದೆಯೇ ಎಂದು ನೋಡಿ.